ಗಾಜಿನ ಮಾಮಾ ಕೂರಿಸಿದ ಮೇಲ್ಗಾಜು

ಅವನ ಹುಬ್ಬಿನ ಕೂದಲಲ್ಲಿ ಯಾವಾಗಲೂ ಗಾಜಿನ ಪುಡಿ ಸಿಕ್ಕಿಕೊಂಡಿರುತ್ತಿತ್ತು. ಬಿಸಿಲಿಗೆ ಬಂದು ನಿಂತರೆ ಸಣ್ಣಗೆ ಮಿನುಗುತ್ತಿತ್ತು. ಎರಡೂ ಅಂಗೈ ತುಂಬ ಹಳೆಯ ಕೊಯ್ತದ ಬಿಳಿ ಗೆರೆಗಳು. ಎಡಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ, ಎರಡು ಉಗುರಿನಂತೆ ಬೆಳೆದಿತ್ತು. ಅವನು ಗಾಜನ್ನು ಕಣ್ಣಿನಿಂದ ನೋಡುವುದಕ್ಕಿಂತ ಬೆರಳಿನಿಂದ ತಟ್ಟಿ, ಕಿವಿ ಕೊಟ್ಟು ಕೇಳುವುದೇ ಹೆಚ್ಚು.

ಅವನು ನನ್ನ ಅವ್ವನ ಒಡಹುಟ್ಟಿದವನಲ್ಲ. ಅವ್ವ ಮೋಟೆಬೆನ್ನೂರಿನವಳು, ಒಬ್ಬಳೇ ಮಗಳು. ಮದುವೆಯಾಗಿ ಬ್ಯಾಡಗಿಗೆ ಬಂದ ವರ್ಷವೇ ಅವಳ ಅಪ್ಪ ತೀರಿಕೊಂಡ. ಮೊದಲ ಪಂಚಮಿಗೆ ಓಣಿಯ ಸೊಸೆಯರನ್ನೆಲ್ಲ ಅವರವರ ಅಣ್ಣತಮ್ಮಂದಿರು ಬಂದು ಕರೆದೊಯ್ಯುತ್ತಿದ್ದರೆ ಅವ್ವ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳಂತೆ. ಆ ದಿನ ನಮ್ಮ ಮನೆಯ ಕಪಾಟಿಗೆ ಗಾಜು ಕೂರಿಸಲು ರಾಣೆಬೆನ್ನೂರಿನಿಂದ ಬಂದಿದ್ದವನು ಈತ. ಕೆಲಸ ಮುಗಿಸಿ ಹೋದ. ಮರುದಿನ ಬೆಳಗ್ಗೆ ಹೊಸ ಸೀರೆ, ಶೇಂಗಾ ಉಂಡಿ ಹಿಡಿದು ಬಾಗಿಲಿಗೆ ಬಂದ. "ನಾ ಬಂದೇನಿ, ನಡಿಯವಾ ತಂಗಿ" ಎಂದ. ಅಜ್ಜಿ ಹೌಹಾರಿದರೂ ಅಪ್ಪ ನಕ್ಕು ಕಳಿಸಿಕೊಟ್ಟ. ಅಂದಿನಿಂದ ರಾಣೆಬೆನ್ನೂರಿನ ಅವನ ಮನೆಯೇ ಅವ್ವನ ತವರು. ಅವನ ಹೆಂಡತಿಯೇ ಅವಳ ವೈನಿ. ನಾನು ಹುಟ್ಟಿದಾಗ ಮೊದಲ ಕುಂಚಿಗೆ ತಂದವನೂ ಅವನೇ. ನನಗೆ ಬುದ್ಧಿ ಬರುವ ಹೊತ್ತಿಗೆ ಅವನು ಬರೀ ಮಾಮಾ.

'ಆಗೂದಿಲ್ಲ' ಎಂಬ ಮಾತು ಅವನ ಬಾಯಲ್ಲಿ ನಾನು ಕೇಳಿಯೇ ಇರಲಿಲ್ಲ. ಯಾರು ಏನು ತಂದಿಟ್ಟರೂ "ಆಗತೈತಿ, ತಗೋ" ಎನ್ನುತ್ತಿದ್ದ. ಅಂಗಡಿಯ ಒಡೆದ ಶೋಕೇಸು, ಬಸ್ಸಿನ ಮುಂದಿನ ಗಾಜು, ಯಾರೋ ಮುದುಕಿಯ ಮದುವೆಯ ಕಾಲದ ಕನ್ನಡಿ, ಎಲ್ಲಕ್ಕೂ ಅದೇ ಮಾತು. ಬಹುಮಟ್ಟಿಗೆ ಆಗಿಯೂ ಬಿಡುತ್ತಿತ್ತು. ಹಾವೇರಿಯಿಂದಲೂ ಜನ ಅವನನ್ನು ಹುಡುಕಿಕೊಂಡು ಬರುತ್ತಿದ್ದರು. ಆ ಮಾತು ಆಡುವಾಗ ಅವನ ಎದೆ ಸ್ವಲ್ಪ ಮುಂದೆ ಬರುತ್ತಿತ್ತು.

ಡಿಗ್ರಿ ಓದುವಾಗ ನನಗೆ ಗಾಡಿ ಹೊಡೆಯುವುದನ್ನು ಕಲಿಯುವ ಹುಚ್ಚು ಹತ್ತಿತು. ಅಪ್ಪ ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ. "ಹೆಣಮಕ್ಕಳು ಸ್ಟೇರಿಂಗ್ ಹಿಡದ್ರ ಪ್ಯಾಟ್ಯಾಗ ಏನಂದಾರು?" ಎಂದು ತಳ್ಳಿಹಾಕಿದ. ಮಾಮಾ ಆಗ ನಮ್ಮ ಪಡಸಾಲೆಯಲ್ಲಿ ಎಲೆಗೆ ಸುಣ್ಣ ಹಚ್ಚುತ್ತ ಕೂತಿದ್ದ.

"ಏನಂತಾರ್ರಿ? ದಲಾಲರ ಮಗಳು ಶ್ಯಾಣ್ಯಾಕಿ ಅಂತಾರ. ನಾ ಕಲಸ್ತೇನಿ, ಆಗತೈತಿ ತಗೋರಿ."

ಸುಗ್ಗಿ ಮುಗಿದು ಬಯಲಾಗಿದ್ದ ಮೆಣಸಿನಕಾಯಿ ಕಣಗಳ ನಡುವೆ ಅವನು ನನ್ನನ್ನು ಸುತ್ತಿಸಿದ. ಗೇರ್ ಕಿರುಗುಟ್ಟಿದರೆ ಬೈಯುತ್ತಿರಲಿಲ್ಲ. "ಗಾಡಿ ಅಳಾಕತ್ತೈತಿ ನೋಡು, ಸಮಾಧಾನ ಮಾಡು" ಎನ್ನುತ್ತಿದ್ದ. ಒಂದು ದಿನ ಮೊದಲ ಸಲ ಗಾಡಿಯನ್ನು ಹೆದ್ದಾರಿಗೆ ಹತ್ತಿಸಿದೆ. ಅವನು ಪಕ್ಕದಲ್ಲಿ ಕಣ್ಣು ಮುಚ್ಚಿ ಮಲಗಿದವನಂತೆ ಕೂತ. ಅಷ್ಟು ನಂಬಿಕೆಯನ್ನು ಅದಕ್ಕೂ ಮೊದಲು ನನ್ನ ಮೇಲೆ ಯಾರೂ ಇಟ್ಟಿರಲಿಲ್ಲ.

ಆ ಗಾಡಿಯ ವಿಷಯ ಹೇಳಬೇಕು. ಬೆಂಗಳೂರಿನ ವ್ಯಾಪಾರಿಯೊಬ್ಬರು ಬಳಸಿ ಬಿಟ್ಟ ದೊಡ್ಡ ಕಾರನ್ನು ಅಪ್ಪ ಕೊಂಡು ತಂದಿದ್ದ. ಅದರ ಮಾಡಿನಲ್ಲಿ ಒಂದು ಗಾಜು, ಗುಂಡಿ ಒತ್ತಿದರೆ ಹಿಂದಕ್ಕೆ ಸರಿಯುತ್ತಿತ್ತು. ಬ್ಯಾಡಗಿಯ ಜನ ಬಗ್ಗಿ ಬಗ್ಗಿ ನೋಡಿ "ಮ್ಯಾಲ ಯಾಕ್ರಿ ಕಿಡಕಿ?" ಎನ್ನುತ್ತಿದ್ದರು. ನಮ್ಮ ಮನೆಯಲ್ಲಿ ಅದಕ್ಕೆ ಬೆಳಕಿಂಡಿ ಎಂದೇ ಹೆಸರು. ಅವ್ವನಿಗೆ ಅದರ ಕೆಳಗೆ ಕೂರುವುದೆಂದರೆ ಜೀವ. ವರ್ಷವಿಡೀ ಮೆಣಸಿನಕಾಯಿ ಘಾಟಿನಲ್ಲಿ ಕೆಮ್ಮುತ್ತಿದ್ದವಳು, ಗಾಡಿ ಊರು ದಾಟಿದ ಕೂಡಲೇ "ತಗಿರಿ ಒಂಚೂರು" ಎಂದು ಮುಖ ಮೇಲೆತ್ತಿ ಗಾಳಿ ಕುಡಿಯುತ್ತಿದ್ದಳು.

ಒಂದು ದಿನ ಮಾರುಕಟ್ಟೆಯಲ್ಲಿ ಲಾರಿಯ ಮೇಲಿನಿಂದ ಹಮಾಲರ ಚೀಲದ ಕೊಕ್ಕೆ ಜಾರಿ ಅದರ ಮೇಲೆ ಬಿತ್ತು. ಗಾಜು ಒಮ್ಮೆಲೇ ಪುಡಿಪುಡಿಯಾಗಿ ಸೀಟಿನ ತುಂಬ ಸುರಿಯಿತು. ಅವ್ವನೇ ಕಸಬರಿಗೆ ಹಿಡಿದು ಅದನ್ನು ಗುಡಿಸಿದಳು. ಕೈಗೆ ಒಂದು ಗೀರೂ ಆಗಲಿಲ್ಲ. ನೋಡಲು ಬಂದ ಮಾಮಾ ಆ ಹರಳುಗಳನ್ನು ಮುಷ್ಟಿಯಲ್ಲಿ ಹಿಡಿದು ತೋರಿಸಿದ.

"ಇದು ಖರೇ ಗಾಜು ನೋಡವಾ. ಒಡದ್ರ ಕಲ್ಲುಸಕ್ಕರಿ ಆಗತೈತಿ. ಮನಿ ಕಿಡಕಿ ಗಾಜು ಒಡದ್ರ ಚೂರಿ ಆಗತೈತಿ."

ಅಪ್ಪ ಹುಬ್ಬಳ್ಳಿಗೆ ಒಯ್ಯುವ ಮಾತೆತ್ತಿದಾಗ ಮಾಮಾನ ಮುಖ ಸಣ್ಣದಾಯಿತು. "ನಾ ಇರೂಮಟ ಹುಬ್ಬಳ್ಳಿ ಯಾಕ್ರಿ? ಮುಂಬೈದಾಗ ನಮ್ಮ ಮಂದಿ ಅದಾರ. ತರಸ್ತೇನಿ. ಆಗತೈತಿ ತಗೋರಿ."

ವಾರಗಳು ಕಳೆದವು. ಗಾಡಿ ತಾಡಪತ್ರಿ ಹೊದ್ದು ನಿಂತಿತ್ತು. ಹಾವೇರಿಯಲ್ಲಿ ನಮ್ಮ ಸಂಬಂಧಿಕರ ಮನೆಯ ನಿಶ್ಚಿತಾರ್ಥ ಹತ್ತಿರ ಬಂದಾಗ ಅಪ್ಪ ಫೋನಿನಲ್ಲಿ ಒಂದೆರಡು ಸಲ ಗದರಿದ. ಅದಾದ ಮೇಲೆ ಮಾಮಾ ಕೌದಿಯಲ್ಲಿ ಸುತ್ತಿದ ಗಾಜನ್ನು ತಂದ. ಕಪ್ಪಗೆ, ಹೊಳೆಯುತ್ತಿತ್ತು. ದಿನವಿಡೀ ಕೂತು ಅದನ್ನು ಕೂರಿಸಿದ. ಸುತ್ತ ರಬ್ಬರು ಒತ್ತಿದ, ಅಂಟು ಬಳಿದ. "ಮುಂಬೈದಿಂದ ಬಂದೈತ್ರಿ, ಕಂಪನಿ ಮಾಲು" ಎಂದ. ಅಪ್ಪ ರೊಕ್ಕ ಕೊಡಹೋದರೆ ಕೈ ಹಿಂದಕ್ಕೆ ಕಟ್ಟಿಕೊಂಡ. "ತಂಗಿ ಗಾಡಿರಿ ಇದು."

ಆ ದಿನ ಅವನು ಗಾಜನ್ನು ತಟ್ಟಿ ಕೇಳಲಿಲ್ಲ ಎಂಬುದು ಈಗ ನೆನಪಾಗುತ್ತದೆ. ಆಗ ಯಾರ ಲಕ್ಷ್ಯಕ್ಕೂ ಬರಲಿಲ್ಲ.

ನಿಶ್ಚಿತಾರ್ಥದ ಬೆಳಗ್ಗೆ ನಾನೇ ಗಾಡಿ ನಡೆಸಿದೆ. ಅಪ್ಪ ಪಕ್ಕದಲ್ಲಿ, ಅವ್ವ ಹಿಂದೆ, ಬೆಳಕಿಂಡಿಯ ಕೆಳಗೆ. ಮೋಟೆಬೆನ್ನೂರು ದಾಟಿ ಹೆದ್ದಾರಿ ಸೇರಿದೆವು. ಆಗ ರಸ್ತೆ ಅಗಲ ಮಾಡುತ್ತಿದ್ದ ಕಾಲ. ಎಲ್ಲೆಂದರಲ್ಲಿ ಜಲ್ಲಿಕಡಿಯ ರಾಶಿ, ಅಡ್ಡದಾರಿ. ಅವ್ವ ಹಿಂದಿನಿಂದ "ಒಂಚೂರು ತಗಿಯವಾ, ಗಾಳಿ ಬರಲಿ" ಎಂದಳು. ನಾನು ಗುಂಡಿ ಒತ್ತಿದೆ. ಗಾಜು ಸರಿಯತೊಡಗಿತು. ಅಷ್ಟರಲ್ಲಿ ಅಡ್ಡದಾರಿಯ ತಗ್ಗಿಗೆ ಗಾಡಿ ಧಡಕ್ಕನೆ ಇಳಿಯಿತು. ಮೇಲೆ ಟಪ್ ಎಂಬ ಸದ್ದು. ಮರುಕ್ಷಣ ಅವ್ವ ಚೀರಿದ್ದು ಕೇಳಿತು.

ಹಾವೇರಿಯ ಆಸ್ಪತ್ರೆಯವರು ಹುಬ್ಬಳ್ಳಿಗೆ ಕಳಿಸಿದರು. ಎಡಗಣ್ಣು ಉಳಿಯಲಿಲ್ಲ. ಹುಬ್ಬಿನಿಂದ ಗಲ್ಲದವರೆಗೆ ಹೊಲಿಗೆ ಬಿತ್ತು.

ಮಾಮಾ ಓಡಿಬಂದ. ಅವ್ವನ ಮಂಚದ ಕಾಲು ಹಿಡಿದು ಗಂಡಸರು ಅಳದ ಹಾಗೆ ಅತ್ತ. ಆಮೇಲೆ ಹೊರಗೆ, ಅಪ್ಪನ ಎದುರಿಗೆ ನನ್ನನ್ನು ಕೇಳಿದ.

"ಗಾಡಿ ಓಡೂ ಮುಂದ ಬಟನ್ ಒತ್ತಿದ್ದಿ ಏನವಾ?"

"ಹೂಂ ಮಾಮಾ."

ಅವನು ತಲೆ ಕೆಳಗೆ ಹಾಕಿದ. "ಹಂಗ ಒತ್ತಬಾರದಿತ್ತವಾ. ಕುಲುಕಿಗೆ ಸಿಕ್ಕರ ಎಂಥಾ ಗಾಜರ ತಡೀತೈತಿ?"

ಅಷ್ಟೇ. ಅಪ್ಪ ನನ್ನ ಕಡೆ ನೋಡಿದ ನೋಟ ಇಂದಿಗೂ ಮರೆತಿಲ್ಲ. ಅಂದೇ ಗಾಡಿಯ ಕೀಲಿ ನನ್ನ ಕೈಯಿಂದ ಹೋಯಿತು. ಬಳಗದ ಹೆಂಗಸರು ನನ್ನ ಬೆನ್ನ ಹಿಂದೆ "ಅವ್ವನ ಕಣ್ಣು ಕಳದಾಕಿ" ಎನ್ನತೊಡಗಿದರು. ಕೆಲವರು ಮುಂದೆಯೇ ಅಂದರು. ನಾನೂ ಅದು ಖರೆಯೆಂದೇ ನಂಬಿದ್ದೆ. ಸಂಜೆಯಾದರೆ ಅವ್ವನ ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದೆ, ಅವಳ ಅಕ್ಕಿಯ ಕಲ್ಲು ಆರಿಸುತ್ತಿದ್ದೆ. ಅವಳು ಎಡಕ್ಕೆ ತಿರುಗುವಾಗ ಬಾಗಿಲಿಗೆ ಹಾಯ್ದರೆ ನನ್ನ ಕರುಳಿಗೆ ಹಾಯ್ದಂತೆ ಆಗುತ್ತಿತ್ತು. "ಇರಲಿ ಬಿಡವಾ, ಆಗೂದು ಆತು" ಎನ್ನುತ್ತಿದ್ದಳು. ಅದನ್ನು ಕ್ಷಮೆ ಎಂದುಕೊಂಡು ಇನ್ನಷ್ಟು ಕುಗ್ಗುತ್ತಿದ್ದೆ.

ಗಾಡಿಯ ಮಾಡಿಗೆ ಬ್ಯಾಡಗಿಯ ವೆಲ್ಡಿಂಗಿನವನು ತಗಡು ಬಡಿದುಕೊಟ್ಟ. ಹಾಗೆಯೇ ಕೆಲವು ವರ್ಷ ಓಡಾಡಿತು. ನಾನು ಹುಬ್ಬಳ್ಳಿಯಲ್ಲಿ ಕಾನೂನು ಓದುತ್ತಿದ್ದಾಗ ಅಪ್ಪ ಅದನ್ನು ಮಾರಲು ಹೊರಟ. ಕೊಳ್ಳುವವರು ಮಾಡಿನ ಗಾಜು ಸರಿಯಾಗಿ ಇರಬೇಕು ಎಂದರು. ಮಾಮಾನಿಗೆ ಆ ಕೆಲಸ ಹೇಳಿ ಮತ್ತೆ ನೋಯಿಸುವುದು ಬೇಡವೆಂದು ಅಪ್ಪ ಚಾಲಕನ ಕೈಯಲ್ಲಿ ಗಾಡಿಯನ್ನು ಹುಬ್ಬಳ್ಳಿಗೆ ಕಳಿಸಿದ, ನಿಂತು ಮಾಡಿಸಲು ನನಗೆ ಹೇಳಿದ.

ಅಲ್ಲಿನ ಕೆಲಸಗಾರ ತಗಡು ಕಿತ್ತು, ಹಳೆಯ ರಬ್ಬರು ಎಳೆದ. ಸಂದಿನಲ್ಲಿ ಸಿಕ್ಕಿಕೊಂಡಿದ್ದ ಗೇಣುದ್ದದ ಒಂದು ಚೂರು ಹೊರಬಂತು. ಒಂದು ಬದಿಗೆ ಕಪ್ಪು ಹಾಳೆ ಅಂಟಿಸಿತ್ತು. ಅವನು ಅದನ್ನು ಅತ್ತಿತ್ತ ತಿರುಗಿಸಿದ.

"ಅಕ್ಕಾರ, ಇಲ್ಲಿ ಮನಿ ಕಿಡಕಿ ಗಾಜು ಹಾಕಿದ್ದು ಯಾರ್ರಿ? ಇದು ಒಡದ್ರ ಕುತ್ತಿಗಿ ಕೊಯ್ದಬಿಡತೈತಿ."

ನನಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ, ಮುಷ್ಟಿಯಲ್ಲಿ ಹರಳು ಹಿಡಿದು ನಿಂತ ಮಾಮಾ ಕಣ್ಣ ಮುಂದೆ ಬಂದ. ಅಲ್ಲೇ ಟಯರಿನ ಮೇಲೆ ಕೂತುಬಿಟ್ಟೆ.

ಮರುದಿನ ಆ ಚೂರನ್ನು ವಸ್ತ್ರದಲ್ಲಿ ಸುತ್ತಿ ರಾಣೆಬೆನ್ನೂರಿಗೆ ಹೋದೆ. ಅಂಗಡಿಯಲ್ಲಿ ಅವನೊಬ್ಬನೇ ಇದ್ದ. "ಬಾರವಾ, ಬಾ, ವಕೀಲರು ಬಂದ್ರು" ಎಂದು ಹಿಗ್ಗಿದ. ನಾನು ಚೂರನ್ನು ಅವನ ಮೇಜಿನ ಮೇಲೆ ಇಟ್ಟೆ. ಅವನು ಅಂಚಿನ ಮೇಲೆ ಹೆಬ್ಬೆರಳು ಆಡಿಸಿದ. ಕೇಳುವುದೇ ಬೇಕಾಗಲಿಲ್ಲ.

"ನನ್ನ ಕೈಲೆ ಕೊಯ್ದ ಗಾಜ ಐತಿ ಇದು" ಎಂದ. ಚೂರಿನ ಮೇಲೆ ವಸ್ತ್ರ ಹೊದಿಸಿ, "ಮುಂಬೈದಾಗ ಸಿಗಲಿಲ್ಲವಾ. ಎಲ್ಲಾ ಕಡೆ ಕೇಳಿಸಿದೆ. ನಿಮ್ಮಪ್ಪಗ ಆಗತೈತಿ ಅಂದಬಿಟ್ಟಿದ್ದೆ. ಆಗಲಿಲ್ಲ ಅನ್ನಾಕ ನಾಲಿಗಿ ಹೊಳ್ಳಲಿಲ್ಲ. ಖರೇ ಗಾಜು ಸಿಗೂಮಟ ಇರಲಿ, ಆಮ್ಯಾಲ ಬದಲ ಮಾಡಿದ್ರಾತು ಅಂದ್ಕೊಂಡೆ."

"ಅದನ್ನ ಬಿಡು ಮಾಮಾ. ನಾ ಬಟನ್ ಒತ್ತಿದ್ದಕ್ಕ ಒಡೀತು ಅಂತ ಯಾಕ ಹೇಳಿದಿ?"

ಅವನು ಮೇಜಿನ ಮೇಲಿನ ಗಾಜಿನ ಪುಡಿಯನ್ನು ಅಂಗೈಯಿಂದ ಒತ್ತಟ್ಟಿಗೆ ಸರಿಸಿದ.

"ನನ್ನ ಕೈಯಾಗ ಗಾಡಿ ಕೊಟ್ಟಾವ ನೀನ. ನೀನ ಹಂಗ ಅಂದಿ."

"ಅಂಜಿಕಿ ಬಂತವಾ" ಎಂದ ಬಹಳ ಸಣ್ಣ ದನಿಯಲ್ಲಿ. "ತಂಗಿ ಕಳಕೊಂತೇನಿ ಅಂತ ಅಂಜಿಕಿ ಬಂತು."

"ಹಂಗಾರ ಅಪ್ಪಗ ನೀನ ಹೇಳು. ನಾ ಹೇಳೂದಿಲ್ಲ."

"ಹೇಳತೇನಿ. ಪಂಚಮಿಗೆ ಬರತೇನಲ್ಲ, ಎದುರಿಗೆ ಕುಂತು ಹೇಳತೇನಿ. ನಿನ್ನಾಣಿ."

ಊರಿಗೆ ಹೋಗಿ ಅವ್ವನಿಗೆ ಎಲ್ಲವನ್ನೂ ಹೇಳಿದೆ. ಅವಳು ಬೆಚ್ಚಿಬೀಳುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ ಎಂದು ಕಾದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಗೊತ್ತಿತ್ತು" ಎಂದಳು.

ಒಡೆದ ಮೊದಲ ಗಾಜನ್ನು ಗುಡಿಸಿದವಳು ಅವಳೇ. ತನ್ನ ಮುಖದಿಂದ ಡಾಕ್ಟರು ತೆಗೆದದ್ದು ಎಂಥ ಗಾಜು ಎಂದು ಅವಳಿಗೆ ಆಸ್ಪತ್ರೆಯಲ್ಲೇ ತಿಳಿದಿತ್ತು.

"ನನಗ ಅಣ್ಣ ಅಂತ ಇದ್ದಾವ ಅವನೊಬ್ಬ. ಬಾಯಿ ಬಿಟ್ಟಿದ್ರ ನಿಮ್ಮಪ್ಪ ಅವನ್ನ ಹೊಸ್ತಿಲಾ ತುಳಿಯಾಕ ಬಿಡ್ತಿದ್ದಿಲ್ಲ."

"ಮತ್ತ ನಾನು?"

ಅವಳು ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು. "ನೀ ಮಗಳು. ತಡಕೊಂತಿ ಅಂದ್ಕೊಂಡೆ."

ಮಾಮಾನ ಸುಳ್ಳು ಒಂದು ಕಡೆ ಕೊಯ್ದಿತ್ತು. ಈ ಮಾತು ಎಲ್ಲೆಲ್ಲಿ ಕೊಯ್ಯಿತೆಂದು ಇಂದಿಗೂ ಹೇಳಲಾರೆ.

ಪಂಚಮಿಗೆ ಅವನು ಬಂದ. ಸೀರೆ ತಂದ, ಉಂಡಿ ತಂದ. ಅಪ್ಪನ ಜೊತೆ ಊಟಕ್ಕೆ ಕೂತು ಮಳೆಯ ಸುದ್ದಿ, ಮೆಣಸಿನಕಾಯಿ ಧಾರಣೆಯ ಸುದ್ದಿ ಮಾತಾಡಿದ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತೇ ಇದ್ದೆ. ಅವನು ಒಮ್ಮೆಯೂ ನನ್ನ ಕಡೆ ನೋಡಲಿಲ್ಲ. ಎಲೆ ಅಡಿಕೆ ಹಾಕಿಕೊಂಡು, ಅವ್ವನ ತಲೆಯ ಮೇಲೆ ಕೈಯಿಟ್ಟು, ಬಸ್ಸಿಗೆ ಹೊತ್ತಾಯಿತೆಂದು ಎದ್ದು ಹೋದ. ಮುಂದಿನ ಪಂಚಮಿಗೂ ಹಾಗೆಯೇ. ನಾನೇ ಹೇಳಿದರೆ ಅವ್ವನ ತವರು ಮುರಿಯುತ್ತಿತ್ತು, ಹಾಗಾಗಿ ನಾನೂ ಅಪ್ಪನಿಗೆ ಹೇಳಲಿಲ್ಲ. ಆಮೇಲೆ ಅವನು ಬರುವ ದಿನ ನಾನು ಊರಿಗೆ ಹೋಗುವುದನ್ನೇ ಬಿಟ್ಟೆ.

ಓದು ಮುಗಿಸಿ ಹಾವೇರಿ ಕೋರ್ಟಿನಲ್ಲಿ ವಕೀಲಿಕೆ ಹಿಡಿದೆ. ಒಂದು ಸಣ್ಣ ಕಾರು ಕೊಂಡೆ. ಯಾರನ್ನೂ ಕೇಳಲಿಲ್ಲ. ಮೊದಲ ದಿನ ಕ್ಲಚ್ ಮೇಲೆ ಕಾಲಿಟ್ಟಾಗ ಎಲ್ಲವೂ ತಾನಾಗಿ ನೆನಪಾಯಿತು. ಅಷ್ಟು ಚೆನ್ನಾಗಿ ಕಲಿಸಿದ್ದ. ಅದಕ್ಕೂ ಸಿಟ್ಟು ಬಂತು.

ಅವನು ಎದೆನೋವಿನಿಂದ ತೀರಿಕೊಂಡ ಸುದ್ದಿ ಕೋರ್ಟಿನಲ್ಲಿದ್ದಾಗ ಬಂತು. ಬ್ಯಾಡಗಿಗೆ ಹೋಗಿ ಅಪ್ಪ ಅವ್ವನನ್ನು ಕರೆದುಕೊಂಡು ರಾಣೆಬೆನ್ನೂರಿಗೆ ಹೋದೆ. ಅವ್ವ ಅವನ ಮುಖದ ಮೇಲೆ ಬಿದ್ದು ಅತ್ತಳು. ಅವನ ಹುಬ್ಬುಗಳನ್ನು ಯಾರೋ ಒರೆಸಿ ಸ್ವಚ್ಛ ಮಾಡಿದ್ದರು. ನನಗೆ ಅಳು ಬರಲಿಲ್ಲ. ಬಂದವರೆಲ್ಲ "ಯಾರಿಗೂ ಇಲ್ಲ ಅಂದಾವಲ್ಲ, ದೊಡ್ಡ ಮನುಷ್ಯಾ" ಎನ್ನುತ್ತಿದ್ದರು.

ಮರಳುವಾಗ ಹೆದ್ದಾರಿಯಲ್ಲಿ ಲಾರಿಯೊಂದನ್ನು ದಾಟಿಸುತ್ತಿದ್ದೆ. ಪಕ್ಕದಲ್ಲಿದ್ದ ಅಪ್ಪ, ಸಿಟ್ಟಿನಿಂದಲ್ಲ, ರೂಢಿಯಿಂದ ಎಂಬಂತೆ ಹೇಳಿದ.

"ನಿಧಾನ ಹೊಡಿ. ನಿಮ್ಮವ್ವನ ಇನ್ನೊಂದು ಕಣ್ಣರ ಉಳೀಲಿ."

ಹಿಂದಿನಿಂದ ಅವ್ವನ ದನಿ ಬಂತು.

"ಅದು ಅಕೀ ತಪ್ಪಲ್ರಿ. ಗಾಜು ಖೊಟ್ಟಿ ಇತ್ತು. ನಮ್ಮಣ್ಣ ಕಿಡಕಿ ಗಾಜು ಹಾಕಿದ್ದ."

ಅಪ್ಪ ಪೂರ್ತಿ ಹಿಂದಕ್ಕೆ ತಿರುಗಿದ. "ಏನಂದಿ? ನಿನಗ ಯಾವಾಗ ಗೊತ್ತಾತು?"

"ದವಾಖಾನ್ಯಾಗ."

"ಇಷ್ಟು ವರ್ಷ ಬಾಯಿ ಮುಚ್ಚಿಕೊಂಡು ಕುಂತಿದ್ದಿ?"

"ಇವತ್ತಿಗೆ ತವರು ಮುಗೀತಲ್ರಿ" ಎಂದಳು ಅವ್ವ. "ಇನ್ನ ಯಾರ ಸಲುವಾಗಿ ಸುಮ್ಮಿರಲಿ?"

ಮೋಟೆಬೆನ್ನೂರು ಕ್ರಾಸಿನ ಹತ್ತಿರ ಗಾಡಿಯನ್ನು ಬದಿಗೆ ನಿಲ್ಲಿಸಿದೆ. ಬೆಳಗಿನಿಂದ ಬಾರದಿದ್ದ ಅಳು ಆಗ ಬಂತು. ಅಪ್ಪ ಕಿಟಕಿಯ ಹೊರಗೆ ನೋಡತೊಡಗಿದ. ಅವ್ವ ಹಿಂದಿನ ಸೀಟಿನಿಂದ ಕೈ ಚಾಚಿ ನನ್ನ ಹೆಗಲ ಮೇಲಿಟ್ಟಳು. ನಾನು ಆ ಕೈಯನ್ನು ಸರಿಸಲಿಲ್ಲ, ಹಿಡಿದುಕೊಳ್ಳಲೂ ಇಲ್ಲ. ಸ್ವಲ್ಪ ಹೊತ್ತಿಗೆ ಅದು ತಾನಾಗಿ ಹಿಂದಕ್ಕೆ ಹೋಯಿತು. ಕಣ್ಣೊರೆಸಿಕೊಂಡು, ಗೇರು ಹಾಕಿ, ಬ್ಯಾಡಗಿಯ ರಸ್ತೆಗೆ ತಿರುಗಿಸಿದೆ.