ಕಟ್ಟಿಗೊಂದು ಕೊಸರು

ನಿವೃತ್ತಿಯ ನಂತರವೂ ನನ್ನ ದಿನ ಶಾಲೆಯ ಗಂಟೆಗೇ ನಡೆಯುತ್ತದೆ. ವಾರದಲ್ಲಿ ಎರಡು ಬೆಳಿಗ್ಗೆ ಚಾಮರಾಜನಗರದಲ್ಲಿ ಗುಂಡ್ಲುಪೇಟೆಯ ಬಸ್ಸು ಹತ್ತಿ, ನಡುವಿನ ಒಂದು ಹಳ್ಳಿಯಲ್ಲಿ ಇಳಿದು, ಅಲ್ಲಿನ ಸರ್ಕಾರಿ ಶಾಲೆಯಲ್ಲಿ ಲೆಕ್ಕದಲ್ಲಿ ಹಿಂದುಳಿದ ಮಕ್ಕಳಿಗೆ ಪಾಠ ಮಾಡುತ್ತೇನೆ. ಸಂಬಳವಿಲ್ಲ, ವೇಳಾಪಟ್ಟಿ ಇದೆ.

ಕಳೆದ ವರ್ಷ ನಾಲ್ಕನೇ ತರಗತಿಯ ಮೇಷ್ಟ್ರು ಒಬ್ಬ ಹುಡುಗಿಯನ್ನು ನನ್ನ ಬಳಿ ಕಳಿಸಿದರು. ದಶಕ ಬಿಡಿಸಿ ಕಳೆಯುವುದು ಅವಳಿಗೆ ಬರುತ್ತಿರಲಿಲ್ಲ. ಬರುವವರೆಗೂ ಗಣಿತದ ಅವಧಿಯಲ್ಲಿ ಎರಡನೇ ತರಗತಿಯಲ್ಲಿ ಕೂರಬೇಕೆಂದು ಅವರ ಆಜ್ಞೆ. ಅಲ್ಲಿ ಅವಳ ತಮ್ಮನಿದ್ದ. ಅಕ್ಕ ಫೇಲಾಗಿದ್ದಾಳೆಂದು ಊರೆಲ್ಲ ಸಾರುತ್ತಿದ್ದ.

"ಮಿಸ್, ಇವತ್ತೇ ಕಲಿಸ್ಬುಡಿ. ಅವ್ನ್ ಕಾಟ ತಡಿಯಕ್ಕಾಗಲ್ಲ" ಎಂದಳು.

ಕಡ್ಡಿಗಳನ್ನೂ ರಬ್ಬರ್ ಬ್ಯಾಂಡುಗಳನ್ನೂ ಕೊಟ್ಟು, ಹತ್ತು ಹತ್ತರ ಕಟ್ಟು ಮಾಡಿಸಿದೆ. ಮೂವತ್ತನಾಲ್ಕರಲ್ಲಿ ಎಂಟು ಕಳೆ ಎಂದೆ. ಮೂರು ಕಟ್ಟು, ನಾಲ್ಕು ಬಿಡಿ ಕಡ್ಡಿ ಇಟ್ಟುಕೊಂಡಳು. ಒಂದು ಕಟ್ಟು ಬಿಚ್ಚಿ ಬಿಡಿಗೆ ಸೇರಿಸಿ, ಎಂಟನ್ನು ಎತ್ತಿಟ್ಟು "ಇಪ್ಪತ್ತೇಳು" ಎಂದಳು. ಮುಂದಿನ ಲೆಕ್ಕದಲ್ಲೂ ಉತ್ತರ ಒಂದು ಹೆಚ್ಚು. ಊಹಿಸಿ ಹೇಳುವ ಮಕ್ಕಳ ತಪ್ಪು ಹೀಗೆ ಶಿಸ್ತಾಗಿ ಬರುವುದಿಲ್ಲ. ಅವಳು ಕಟ್ಟಿದ ಇನ್ನೊಂದು ಕಟ್ಟನ್ನು ಬಿಚ್ಚಿ ಎಣಿಸಿದೆ. ಹನ್ನೊಂದಿತ್ತು.

"ಏನೇ ಇದು?"

"ಕೊಸರು, ಮಿಸ್."

ಅವಳ ಅಜ್ಜಿ ಗುಂಡ್ಲುಪೇಟೆ ಸಂತೆಯಲ್ಲಿ ನಿಂಬೆಹಣ್ಣು ಮಾರುತ್ತಾರೆ. ಹತ್ತು ಕೊಂಡವರಿಗೆ ಮೇಲೊಂದು ಹಾಕುವುದು ಅವರ ರೂಢಿ. ರಜೆಯಿದ್ದರೆ ಎಣಿಸಿಕೊಡುವ ಕೆಲಸ ಇವಳದು.

"ಇಲ್ಲಿ ಕೊಸರು ಬೇಡ."

"ಆಕ್ದಿದ್ರೆ ಜಿಪುಣಿ ಅಂತಾರೆ, ಮಿಸ್."

"ಯಾರು? ಕಡ್ಡಿ ಕೊಳ್ಳೋಕೆ ಯಾರಾದ್ರೂ ಬಂದಿದ್ದಾರಾ?"

ಕೋಣೆಯನ್ನೊಮ್ಮೆ ನೋಡಿದಳು. ಪ್ರತಿ ಕಟ್ಟಿನಿಂದಲೂ ಒಂದೊಂದು ಕಡ್ಡಿ ಎಳೆದು ನನ್ನ ಮುಂದಿಟ್ಟಳು. ಮನಸ್ಸಿಲ್ಲದ ಮನಸ್ಸಿನಿಂದ. ಮತ್ತೆ ಕಳೆದಾಗ ಇಪ್ಪತ್ತಾರು ಬಂತು. ನಾನೇ ಕಟ್ಟಿದ ಕಟ್ಟುಗಳನ್ನು ಕೊಟ್ಟಿದ್ದರೆ ಅವಳ ತಪ್ಪು ಎಲ್ಲಿದೆಯೆಂದು ಕಾಣುತ್ತಲೇ ಇರಲಿಲ್ಲ. ಅಂದಿನಿಂದ ಯಾವ ಮಗುವಿಗೂ ಕಟ್ಟಿದ ಕಡ್ಡಿ ಕೊಡುವುದಿಲ್ಲ. ಸಮಯ ಹೆಚ್ಚು ಹಿಡಿಯುತ್ತದೆ. ಅದನ್ನು ವೇಳಾಪಟ್ಟಿಯಲ್ಲಿ ಸೇರಿಸಿದ್ದೇನೆ.

ಅಂದು ಮಧ್ಯಾಹ್ನ ಮೇಷ್ಟ್ರು ಅವಳಿಗೆ ಬೋರ್ಡಿನ ಮೇಲೆ ನಾಲ್ಕಾರು ಲೆಕ್ಕ ಬರೆದರು. ಎಲ್ಲವೂ ಸರಿಬಂದವು. "ಓಗಮ್ಮ, ನಿನ್ ಜಾಗದಲ್ಲಿ ಕೂತ್ಕೊ" ಎಂದರು. ಮೂರನೇ ಸಾಲಿನಲ್ಲಿ ಅವಳ ಜಾಗದಲ್ಲಿ ಗೆಳತಿ ತನ್ನ ಚೀಲ ಇಟ್ಟುಕೊಂಡಿದ್ದಳು.

"ಜರುಗಮ್ಮಿ" ಎಂದು ಚೀಲ ತಳ್ಳಿ ಕೂತಳು.