ಸಾಹುಕಾರರ ಟಿವಿಯಲ್ಲಿ ಇರುವೆ, ಗಂಗಮ್ಮನ ಟಿವಿಯಲ್ಲಿ ಯಮನಪ್ಪ

ನನಗೊಂದು ಕೆಟ್ಟ ಚಟವಿದೆ. ಯಾರಾದರೂ ‘ಇದು ನಿನ್ನ ಕೈಲಿ ಆಗುತ್ತಾ?’ ಎಂದರೆ ಸಾಕು, ವಿಷಯ ಏನೆಂದು ತಿಳಿಯುವ ಮೊದಲೇ ‘ಆಗುತ್ತೆ’ ಅಂದುಬಿಡುತ್ತೇನೆ. ಸಿಂಧನೂರಿನಲ್ಲಿ ರೇಡಿಯೊ, ಟಿವಿ ರಿಪೇರಿ ಅಂಗಡಿ ಇಟ್ಟ ನನಗೆ ಈ ಚಟ ಅನ್ನ ಹಾಕಿದ್ದೂ ಉಂಟು, ಮಾನ ಕಳೆದದ್ದೂ ಉಂಟು. ತೊಂಬತ್ತರ ದಶಕದ ಕೊನೆಗೆ ಒಮ್ಮೆ ಅದು ಇನ್ನೊಬ್ಬನ ಅನ್ನಕ್ಕೇ ಕಲ್ಲು ಹಾಕಲು ಹೊರಟಿತ್ತು.

ವೀರಣ್ಣ ಸಾಹುಕಾರರ ಅಕ್ಕಿ ಗಿರಣಿ ಮತ್ತು ಗೋದಾಮು ರಸ್ತೆಯ ಈಚೆ, ಮನೆ ಆಚೆ. ಗೋದಾಮಿನ ತೌಡು ದಿನಾ ಕಡಿಮೆಯಾಗುತ್ತಿದೆ ಎಂಬುದು ಅವರ ದೂರು. ಗುಮಾನಿ ವಾಚ್‌ಮನ್ ಯಮನಪ್ಪನ ಮೇಲೆ. ಮಸ್ಕಿ ಕಡೆಯ ಈ ಬಡಪಾಯಿ ಹಗಲೆಲ್ಲ ಗೇಟಿನಲ್ಲಿ ನಿಂತು, ಗೊರೇಬಾಳದಿಂದಲೂ ವಳಕಮದಿನ್ನಿಯಿಂದಲೂ ಬರುವ ಭತ್ತದ ಟ್ರ್ಯಾಕ್ಟರುಗಳನ್ನು ಒಳಗೆ ಬಿಡುತ್ತಿದ್ದ. ಗೇಟಿಗೊಂದು, ಗೋದಾಮಿಗೊಂದು ಕ್ಯಾಮೆರಾ ಹಾಕಿ, ಸರದಿಯಂತೆ ಎರಡೂ ಮನೆಯ ಟಿವಿಯಲ್ಲಿ ಕಾಣಬೇಕೆಂದು ಸಾಹುಕಾರರು ಹೇಳಿದರು. ರಸ್ತೆಗೆ ಅಡ್ಡಲಾಗಿ ನಾನು ಎಳೆದ ವೈರನ್ನು ಹುಲ್ಲು ಹೇರಿದ ಟ್ರ್ಯಾಕ್ಟರುಗಳು ಒಂದೇ ವಾರದಲ್ಲಿ ಮೂರು ಸಲ ಹರಿದವು.

“ವೈರ್ ಇಲ್ದಂಗ ಆಗ್ತೈತೇನೋ?” ಎಂದರು ಸಾಹುಕಾರರು.

“ಆಗ್ತೈತ್ರಿ” ಎಂದೆ. ಚಟ ನೋಡಿ.

ಅಂದಮೇಲೆ ಧೈರ್ಯ ತಂದುಕೊಳ್ಳಬೇಕಲ್ಲ. ಮಸ್ಕಿಯ ಗುಡ್ಡದಲ್ಲಿ ಎರಡು ಸಾವಿರ ವರ್ಷಗಳ ಹಿಂದೆ ಒಬ್ಬ ಚಕ್ರವರ್ತಿ ಬಂಡೆಯ ಮೇಲೆ ಬರೆಸಿದ ಮಾತು ಇವತ್ತಿಗೂ ಮುಟ್ಟುತ್ತಿದೆ, ಅವನು ಯಾವ ವೈರ್ ಎಳೆದಿದ್ದ? ನಾನು ಮುಟ್ಟಿಸಬೇಕಾದ್ದು ಬರೀ ರಸ್ತೆಯಾಚೆಗೆ. ಹೈದರಾಬಾದಿನಿಂದ ಸಿಗ್ನಲ್ ಬಿಡುವ ಡಬ್ಬಿ ತರಿಸಿದೆ, ಲಿಂಗಸುಗೂರಿನಿಂದ ಕಬ್ಬಿಣದ ಕಂಬ ತಂದೆ. ಗಿರಣಿಯ ಮಾಳಿಗೆ ಏರಿ “ಬಂತೇನ್ರೀ?” ಎಂದು ಕೂಗುವುದು, ಸಾಹುಕಾರರು “ಇರುವಿ ಓಡಾಕತ್ತಾವ!” ಎನ್ನುವುದು. ನಾಲ್ಕು ದಿನ ಇದೇ ಆಯಿತು. ಸಿಗ್ನಲ್ ಸಿಗದ ಅವರ ಟಿವಿಯಲ್ಲಿ ಆ ಚುಕ್ಕಿ ಇರುವೆಗಳ ಹೊರತು ಇನ್ನೊಂದು ಜೀವ ಕಾಣಲಿಲ್ಲ. ಸೋತು ಕೂತಾಗಲೆಲ್ಲ ಕೆನೆಗಟ್ಟಿದ ಚಹಾ ಬರುತ್ತಿತ್ತು. “ಕುಡಿ ಕುಡಿ, ನಮ್ಮ ಎಮ್ಮಿ ಈಗ ಹಾಲು ಭಾಳ ಕೊಡಾಕತ್ತೈತಿ” ಎಂದು ಅವರು ಹೆಮ್ಮೆಯಿಂದ ಹೇಳುತ್ತಿದ್ದರು.

ನಾಲ್ಕನೆಯ ದಿನ ಸಂಜೆ ಅವರ ಸಹನೆ ತೀರಿತು. “ನಿನ್ನ ಡಬ್ಬಿನೂ ಬ್ಯಾಡ, ಏನೂ ಬ್ಯಾಡ. ಶನಿವಾರ ಯಮನಪ್ಪನ್ನ ಮನಿಗೆ ಕಳಸ್ತೀನಿ” ಎಂದುಬಿಟ್ಟರು. ನನ್ನ ಕ್ಯಾಮೆರಾ ಅವನ ತಪ್ಪನ್ನೂ ತೋರಿಸಿರಲಿಲ್ಲ, ಅವನನ್ನು ಉಳಿಸಿಯೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಡಬ್ಬಿ ಬಿಚ್ಚಲು ಹೊರಟವನನ್ನು ಸಾಹುಕಾರರ ಮನೆಯಿಂದ ಮೂರನೆಯ ಮನೆಯ ಗಂಗಮ್ಮ ತಡೆದಳು. “ಎಪ್ಪಾ, ಅದನ್ನ ಬಿಚ್ಚಬ್ಯಾಡೋ. ನಮ್ಮ ಟಿವಿಯಾಗ ಯಮನಪ್ಪ ಛಂದ ಕಾಣಾಕತ್ತಾನ!”

ಒಳಗೆ ಹೋಗಿ ನೋಡಿದರೆ ಐದಾರು ಹೆಂಗಸರು ಅಕ್ಕಿ ಆರಿಸುತ್ತಾ ಟಿವಿ ಮುಂದೆ ಕೂತಿದ್ದಾರೆ. ಪರದೆಯ ತುಂಬ ಯಮನಪ್ಪ, ಮೀಸೆಯ ಕೂದಲನ್ನೂ ಎಣಿಸಬಹುದಿತ್ತು. ಸಾಹುಕಾರರ ಮನೆಗೆ ಸಿಗ್ನಲ್ ಮುಟ್ಟದಂತೆ ಅಡ್ಡವಾಗಿದ್ದದ್ದು ಅವರದೇ ನೀರಿನ ಟ್ಯಾಂಕು. ಗಂಗಮ್ಮನ ಆಂಟೆನಾಕ್ಕೆ ಯಾವ ಅಡ್ಡಿಯೂ ಇರಲಿಲ್ಲ. ತೌಡು ಕದಿಯುವವರು ಯಾರಾದರೂ ಕಂಡರೇ ಎಂದು ಕೇಳಿದೆ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು.

“ಹನ್ನೊಂದಾಗ್ಲಿ ತಡಿ, ಕಳ್ಳ ಬರ್ತಾನ. ಸಾವಕಾರ್ರನ್ನ ಕರಕೊಂಡು ಬಾ” ಎಂದಳು ಗಂಗಮ್ಮ.

ಬಂದರು. ಗಂಗಮ್ಮ ಹಾಸಿದ ಚಾಪೆಯ ಮೇಲೆ ಕೂತರು. ಹನ್ನೊಂದರ ಸುಮಾರಿಗೆ ಗೇಟಿಗೆ ಟ್ರ್ಯಾಕ್ಟರು ಬಂತು, ಯಮನಪ್ಪ ಅತ್ತ ಹೋದ. ಪರದೆ ಗೋದಾಮಿಗೆ ಬದಲಾಯಿತು. ಹಿಂದಿನ ಗೋಡೆ ಬಿದ್ದ ಕಡೆಯಿಂದ ಒಂದು ಎಮ್ಮೆ ನಿಧಾನವಾಗಿ ಒಳಗೆ ಬಂದು, ಹರಿದ ಚೀಲವೊಂದಕ್ಕೆ ಬಾಯಿ ಹಾಕಿತು. ಅದರ ಎಡಗೊಂಬು ಸೊಟ್ಟ, ಕೊರಳಲ್ಲಿ ದೊಡ್ಡ ಮಣಿಸರ. ಆ ಸರವನ್ನು ಸಾಹುಕಾರರೇ ಕಟ್ಟಿದ್ದರು.

“ಸಾವಕಾರ್ರ, ಈಗ ಹಾಲು ಹೆಚ್ಚಾಗೈತಂತಲ್ರೀ?” ಎಂದಳು ಗಂಗಮ್ಮ. ಉಳಿದವರು ಸೆರಗು ಬಾಯಿಗೊತ್ತಿಕೊಂಡರು. “ಇನ್ನೊಂದು ಮಾತು. ಐದು ದಿನದಿಂದ ನೋಡಾಕತ್ತೀವಿ, ಆ ಮನಿಷಾ ಬಿಸಲಾಗ ನಿಂತ ಇರ್ತಾನ, ಕುಂತದ್ದ ಕಂಡಿಲ್ಲ. ಅವಗೊಂದು ಕುರ್ಚಿ ಕೊಡ್ರಿ.”

ಸಾಹುಕಾರರು ತಾವೇ ಜೋರಾಗಿ ನಕ್ಕರು. ಒಳ್ಳೆಯ ಮನುಷ್ಯ, ನಗಲು ಬರುತ್ತಿತ್ತು. ಗೋಡೆ ಕಟ್ಟಿಸಿದರು, ಕುರ್ಚಿ ಹಾಕಿಸಿದರು, ತಮ್ಮ ಗೋದಾಮು ಊರಿಗೆಲ್ಲ ಕಾಣುವುದು ಬೇಡವೆಂದು ಡಬ್ಬಿಯನ್ನೂ ಬಿಚ್ಚಿಸಿದರು. ಶನಿವಾರ ಯಮನಪ್ಪ ಎಲ್ಲಿಗೂ ಹೋಗಲಿಲ್ಲ. ತನ್ನ ಮೇಲೆ ಗುಮಾನಿ ಇತ್ತೆಂಬುದು ಅವನಿಗೆ ತಿಳಿದದ್ದೇ ಆಮೇಲೆ.

ನಾನು ಕಂಬ ಇಳಿಸುತ್ತಿದ್ದೆ. ಗಂಗಮ್ಮ ಒಂದು ತಂಬಿಗೆ ಮಜ್ಜಿಗೆ ಹಿಡಿದು ರಸ್ತೆ ದಾಟಿ ಬಂದು ಯಮನಪ್ಪನ ಕೈಗೆ ಕೊಟ್ಟಳು. ಅವನು ಕುರ್ಚಿಯನ್ನು ಪಕ್ಕದಲ್ಲಿಟ್ಟುಕೊಂಡು ನಿಂತೇ ಇದ್ದ. ನಾನು ಮಾಳಿಗೆಯ ಮೇಲಿನಿಂದಲೇ ಚೇಷ್ಟೆ ಮಾಡಿದೆ.

“ಟಿವಿಯಾಗ ಕಾಣೋದು ಬಂದ್ ಆತಲ್ಲ ಗಂಗಮ್ಮಕ್ಕ, ಅವ ನೀರಡಿಸ್ಯಾನಂತ ಈಗ ಹೆಂಗ ಗೊತ್ತಾತು?”

ಅವಳು ಹಣೆಗೆ ಕೈ ಅಡ್ಡ ಹಿಡಿದು ನನ್ನತ್ತ ನೋಡಿದಳು.

“ಬಿಸಲು ಟಿವಿಯಾಗಷ್ಟ ಐತೇನೋ ತಮ್ಮಾ? ಇಳದು ಬಾ, ನಿನಗೂ ಒಂದೀಟು ಉಳಿಸೀನಿ.”