ಆರು ಸಾವಿರ ಜಿರಳೆಗಳ ಸಾಕುತಾಯಿ

ವಿಶ್ವವಿದ್ಯಾಲಯದ ಪ್ರಚಾರ ವಿಭಾಗದಲ್ಲಿ ಹದಿನಾಲ್ಕು ವರ್ಷ ಸವೆಸಿದ ಆ ಹೆಂಗಸನ್ನು ಎಲ್ಲರೂ ಎದುರಿಗೆ ಮೇಡಂ ಅನ್ನುತ್ತಿದ್ದರು, ಬೆನ್ನ ಹಿಂದೆ ಡಂಗುರ ಅನ್ನುತ್ತಿದ್ದರು. ಅವಳಿಗೂ ಗೊತ್ತಿತ್ತು, ಬೇಜಾರೇನಿರಲಿಲ್ಲ. ಹೊಟ್ಟೆಯಲ್ಲಿ ಒಂದು ಮಾತು ನಿಲ್ಲದ ಜೀವ ಅದು. ಹಲ್ಲುನೋವೆಂದು ಡಾಕ್ಟರ ಹತ್ತಿರ ಹೋದರೆ, ಡಾಕ್ಟರ ಅಜ್ಜ ಬಡಗಿಯಾಗಿದ್ದ ಕಥೆಯನ್ನೆಲ್ಲ ಹೊರಡಿಸಿಕೊಂಡು ಬರುತ್ತಿದ್ದಳು. ಹಲ್ಲು ಮಾತ್ರ ಹಾಗೇ ನೋಯುತ್ತಿತ್ತು.

ಅವಳ ಕೆಲಸವೇ ಅದು. ಕ್ಯಾಂಪಸ್ಸಿನಲ್ಲಿ ಜನರ ಮನಸ್ಸು ಮುಟ್ಟುವ ಕಥೆ ಹುಡುಕಬೇಕು, ಪತ್ರಿಕೆಯವರಿಗೆ ಫೋನಿನಲ್ಲಿ ಹೇಳಿ ಒಪ್ಪಿಸಬೇಕು, ಓದಿದವರಿಗೆ ಮಕ್ಕಳನ್ನು ಇಲ್ಲಿಗೇ ಸೇರಿಸೋಣ ಅನ್ನಿಸಬೇಕು. ಆದರೆ ವಿಭಾಗಗಳವರು ಕೊಡುತ್ತಿದ್ದದ್ದೇನು? ಎರಡು ದಿನದ ವಿಚಾರ ಸಂಕಿರಣ, ಮೂರು ದಿನದ ಕಾರ್ಯಾಗಾರ. ಭಾನುವಾರದ ಪುರವಣಿಯ ಸಂಪಾದಕರಂತೂ ಅವಳ ದನಿ ಕೇಳಿದರೇ ನಿಟ್ಟುಸಿರು ಬಿಡುತ್ತಿದ್ದರು. "ಮೇಡಂ, ಇದ್ರಲ್ಲಿ ಮನುಷ್ಯರು ಎಲ್ಲಿದಾರೆ? ಬರೀ ರಿಬ್ಬನ್ನು, ಕತ್ತರಿ!"

ಸೋಮವಾರ ಕುಲಸಚಿವರು ಕರೆಸಿ ಖಡಾಖಂಡಿತವಾಗಿ ಹೇಳಿದರು. "ಈ ಭಾನುವಾರ ದೊಡ್ಡ ಪತ್ರಿಕೇಲಿ ನಮ್ಮದೊಂದು ಕಥೆ ಬರಬೇಕು. ಬರ್ಲಿಲ್ಲ ಅಂದ್ರೆ ನೀವು ಪರೀಕ್ಷಾ ವಿಭಾಗಕ್ಕೆ ಹೋಗಿ."

ಪರೀಕ್ಷಾ ವಿಭಾಗದಲ್ಲಿ ಇಪ್ಪತ್ತಾರು ಜನ ಬೆಳಗಿನಿಂದ ಸಂಜೆವರೆಗೆ ಉತ್ತರ ಪತ್ರಿಕೆ ಎಣಿಸುತ್ತಾರೆ. ಎಣಿಕೆ ತಪ್ಪುತ್ತದೆಂದು ಅಲ್ಲಿ ಯಾರೂ ಮಾತಾಡುವ ಹಾಗಿಲ್ಲ. ಅವಳನ್ನು ಅಲ್ಲಿ ಕೂರಿಸುವುದೂ ಒಂದೇ, ಬಾಯಿ ಹೊಲಿದು ಮೂಲೆಗೆ ಹಾಕುವುದೂ ಒಂದೇ.

ಸರಿ, ಕಾಲಿಗೆ ಚಕ್ರ ಕಟ್ಟಿಕೊಂಡು ಅಲೆದಳು. ಬುಧವಾರ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಹೊಸ ಸೂಕ್ಷ್ಮದರ್ಶಕ ನೋಡಿ ಆಕಳಿಸುತ್ತಾ ಹೊರಬರುವಾಗ ಹಿಂದಿನ ಕೋಣೆಯಿಂದ ಯಾರೋ ಗದರುವುದು ಕೇಳಿಸಿತು.

"ಏಯ್, ನೀನು ಆಗ್ಲೇ ತಿಂದಾಯ್ತು. ಬಸುರಿಗೆ ಬಿಡೇ, ನಾಚಿಕೆ ಇಲ್ವಾ?"

ಇಣುಕಿ ನೋಡಿದಳು. ಐವತ್ತರ ಆಸುಪಾಸಿನ ಸಹಾಯಕಿಯೊಬ್ಬಳು ಗಾಜಿನ ತೊಟ್ಟಿಯೊಳಗೆ ಕ್ಯಾರೆಟ್ ಚೂರು ಹಾಕುತ್ತಿದ್ದಳು. ಅಂಥವು ಹತ್ತು ತೊಟ್ಟಿ. ಒಳಗೆ ಮೊಟ್ಟೆ ಜೋಡಿಸುವ ರಟ್ಟಿನ ತಟ್ಟೆಗಳು, ತಟ್ಟೆಗಳ ಸಂದಿಯಲ್ಲಿ ಜಿರಳೆಗಳು. ಒಂದಲ್ಲ, ಎರಡಲ್ಲ, ಆರು ಸಾವಿರ!

"ಅಯ್ಯೋ!" ಎಂದು ಡಂಗುರ ಹಾರಿ ಕುರ್ಚಿ ಹತ್ತಿದಳು. ಆದರೆ ಕುರ್ಚಿಯ ಮೇಲಿಂದಲೇ ಪ್ರಶ್ನೆ ಶುರುಮಾಡಿದಳು. ವಿದ್ಯಾರ್ಥಿಗಳ ಪಾಠಕ್ಕೆಂದು ಇಪ್ಪತ್ತೆರಡು ವರ್ಷದಿಂದ ಈಕೆಯೇ ಇವನ್ನು ಸಾಕುತ್ತಿದ್ದಳಂತೆ. ಹತ್ತಿ ಆಚೆ ಬರದಿರಲೆಂದು ತೊಟ್ಟಿಯ ಅಂಚಿಗೆ ದಿನಾ ವ್ಯಾಸಲೀನ್ ಸವರುವುದೂ ಈಕೆಯೇ. ಪೊರೆ ಬಿಟ್ಟ ಜಿರಳೆ ಬೆಳ್ಳಗಿರುತ್ತದೆ, ಆಗ ಅದಕ್ಕೆ ಮೈಯೆಲ್ಲ ಹಸಿ, ಯಾರೂ ಮುಟ್ಟಬಾರದು ಎಂದಳು.

"ಮತ್ತೆ ಇವನ್ನ ಕೊಯ್ಯೋ ದಿನ?"

"ಅವತ್ತು ನಾನು ರಜಾ ಹಾಕ್ತೀನಿ ಮೇಡಂ."

"ಮನೇಲಿ ಹುಳಹುಪ್ಪಟೆ ಕಂಡ್ರೆ?"

"ಮನೇಲಿ ಹಲ್ಲಿ ಕಂಡ್ರೂ ಕಿರಿಚ್ತೀನಿ."

ಡಂಗುರಕ್ಕೆ ತಲೆ ಗಿರ್ರೆಂದಿತು. ಇದಪ್ಪಾ ಕಥೆ ಅಂದರೆ! ಮೊದಲು ಒಪ್ಪಿಗೆ, ಆಮೇಲೆ ಫೋನು ಎಂದು ತನ್ನ ಗೋಡೆಗೆ ಕೆಂಪು ಅಕ್ಷರದಲ್ಲಿ ಬರೆದು ಅಂಟಿಸಿದವಳು ಅವಳೇ. ಅದೆಲ್ಲ ಈಗ ಎಲ್ಲಿ ನೆನಪು? ಮೊಗಸಾಲೆಗೆ ಓಡಿ ಒಂದೇ ಉಸಿರಿಗೆ ಸಂಪಾದಕರಿಗೆ ಹೇಳಿದಳು. ಆ ಮನುಷ್ಯ ಮೊಟ್ಟಮೊದಲ ಸಲ ನಕ್ಕರು, ಅದೂ ಕೆಮ್ಮು ಬರುವಷ್ಟು. "ಅರ್ಧ ಪುಟ ಕೊಡ್ತೀನಿ! ಶುಕ್ರವಾರ ಫೋಟೋದವರನ್ನ ಕಳಿಸ್ತೀನಿ."

ಕುಣಿಯುತ್ತಲೇ ಒಳಗೆ ಬಂದು ಸುದ್ದಿ ಹೇಳಿದಳು. ಸಹಾಯಕಿ ಕ್ಯಾರೆಟ್ ತಟ್ಟೆ ಕೆಳಗಿಟ್ಟು ಮುಕ್ಕಾಲಿಯ ಮೇಲೆ ಕುಸಿದಳು.

"ಏನು ಕೆಲಸ ಮಾಡಿಬಿಟ್ರಿ ಮೇಡಂ! ಬರೋ ತಿಂಗಳು ನನ್ನ ಮಗಳ ಮದುವೆ. ಬೀಗಿತ್ತಿಗೆ ಇದು ಗೊತ್ತೇ ಇಲ್ಲ. ಪ್ರಾಣಿಗಳನ್ನ ನೋಡ್ಕೋತೀನಿ ಅಂದಿದ್ದೆ. ಅವರು ಮೊಲ ಅಂದ್ಕೊಂಡ್ರು. ನಾನು ಸುಮ್ಮನಿದ್ದುಬಿಟ್ಟೆ."

"ಗೊತ್ತಾದ್ರೆ ಏನೀಗ?"

"ಆಯಮ್ಮ ದಿನಕ್ಕೆ ಎರಡು ಸಲ ಲೈಟಿನ ಸ್ವಿಚ್ಚು ಒರೆಸ್ತಾರೆ. ಜಿರಳೆಯವಳ ಮಗಳು ಅಂದ್ರೆ ಒಳಗೆ ಸೇರಿಸ್ತಾರಾ? ಹುಡುಗ ಹುಡುಗಿ ಒಬ್ಬರಿಗೊಬ್ಬರು ಎಷ್ಟು ಮೆಚ್ಕೊಂಡಿದಾರೆ ಗೊತ್ತಾ!" ಅವಳ ಕಣ್ಣು ತುಂಬಿತು.

ಡಂಗುರದ ಮುಖ ಹುಳ್ಳಗಾಯಿತು. ಕೇಳದೆ ಇನ್ನೊಬ್ಬಳ ಬದುಕನ್ನು ಹರಾಜಿಗಿಟ್ಟುಬಿಟ್ಟೆನಲ್ಲಾ ಎಂದು ತನ್ನ ಮೇಲೆ ತನಗೇ ಸಿಟ್ಟು ಬಂತು. ಅಲ್ಲೇ ನಿಂತು ಫೋನ್ ಮಾಡಿ ಕಥೆ ಬೇಡ ಎಂದಳು. ಸಂಪಾದಕರು ಕೆಂಡವಾದರು. ಇನ್ನು ನಿಮ್ಮ ಫೋನ್ ಎತ್ತುವುದಿಲ್ಲ ಎಂದು ಇಟ್ಟೇಬಿಟ್ಟರು.

"ನಿಮ್ಮ ಕುರ್ಚಿ ಹೋಗುತ್ತಂತಲ್ಲ ಮೇಡಂ? ಎಲ್ಲರೂ ಮಾತಾಡ್ಕೋತಿದಾರೆ."

"ಹೋದ್ರೆ ಹೋಯ್ತು ಬಿಡಕ್ಕಾ. ಉತ್ತರ ಪತ್ರಿಕೆ ಎಣಿಸ್ತೀನಿ."

ಸಹಾಯಕಿ ಎದ್ದು ಕೈ ತೊಳೆದುಕೊಂಡಳು. "ಎಷ್ಟು ದಿನ ಅಂತ ಮೊಲ ಸಾಕ್ಲಿ? ಇವತ್ತಲ್ಲ ನಾಳೆ ಗೊತ್ತಾಗ್ಲೇಬೇಕು. ಸಂಜೆ ಬೀಗಿತ್ತಿ ಮನೆಗೆ ಹೋಗೋಣ, ಬನ್ನಿ. ನೀವು ಬಾಯಿ ಇರೋರು, ನೀವೇ ಹೇಳಿ."

ಬೀಗಿತ್ತಿಯ ಮನೆಯ ನೆಲದಲ್ಲಿ ಮುಖ ನೋಡಿಕೊಳ್ಳಬಹುದಿತ್ತು. ಡಂಗುರ ಸೋಫಾದ ತುದಿಯಲ್ಲಿ ಕೂತು ಗಂಟಲು ಸರಿಮಾಡಿಕೊಂಡಳು. ನೂರಾರು ಸಂಪಾದಕರನ್ನು ಕಂಡವಳು, ಇಲ್ಲಿ ನಾಲಿಗೆಯೇ ಏಳಲೊಲ್ಲದು. ವಿಶ್ವವಿದ್ಯಾಲಯ ಸ್ಥಾಪನೆಯಾದ ಇಸವಿಯಿಂದ ಶುರುಮಾಡಿದಳು. ಗ್ರಂಥಾಲಯಕ್ಕೆ ಬಂದಳು. ಆಟದ ಮೈದಾನ ಎಷ್ಟು ಎಕರೆ ಎಂದೂ ಹೇಳಿದಳು. ಬೀಗಿತ್ತಿಯ ಹುಬ್ಬು ಮೇಲೇರುತ್ತಲೇ ಇತ್ತು.

"ಸಾಕು ಬಿಡಿ ಮೇಡಂ," ಎಂದಳು ಸಹಾಯಕಿ. "ಬೀಗಿತ್ತಿಯವ್ರೇ, ನಾನು ಸಾಕೋದು ಮೊಲ ಅಲ್ಲ. ಜಿರಳೆ. ಆರು ಸಾವಿರ ಇದಾವೆ. ಇಪ್ಪತ್ತೆರಡು ವರ್ಷ ಅವೇ ನಮಗೆ ಅನ್ನ ಹಾಕಿದ್ದು, ಅದರಲ್ಲೇ ಮಗಳನ್ನ ಓದಿಸಿದೆ. ಹೇಳೋಕೆ ನಾಚಿಕೆ ಆಗ್ತಿತ್ತು. ಈಗ ಹೇಳಿದೀನಿ. ಇನ್ನು ನಿಮ್ಮಿಷ್ಟ."

ಬೀಗಿತ್ತಿ ಎದ್ದರು, ಮುಂಬಾಗಿಲ ಚಿಲಕ ಹಾಕಿದರು, ಕಿಟಕಿ ಮುಚ್ಚಿದರು. ಇನ್ನೇನು ಕಾದಿದೆಯೋ ಎಂದು ಡಂಗುರ ಕಣ್ಣು ಮುಚ್ಚಿಕೊಂಡಳು.

"ನಮ್ಮನೇಲೂ ಇದಾವೆ," ಎಂದರು ಬೀಗಿತ್ತಿ ಪಿಸುದನಿಯಲ್ಲಿ.

"ಏನು?"

"ಅದೇ! ಅಡುಗೆಮನೆ ಸಿಂಕಿನ ಕೆಳಗೆ. ಎಂಟು ತಿಂಗಳಿಂದ ಒರೆಸಿ ಒರೆಸಿ ಕೈ ಸವೆದುಹೋಯ್ತು. ಸೊಸೆ ಬಂದು ನೋಡಿದ್ರೆ ಇದೆಂಥಾ ಕೊಳಕು ಮನೆಯಪ್ಪಾ ಅಂದ್ಕೋತಾಳಲ್ಲ ಅಂತ ನಂಗೆ ಊಟ ಸೇರ್ತಿಲ್ಲ. ದಮ್ಮಯ್ಯ, ಯಾರಿಗೂ ಹೇಳ್ಬೇಡಿ."

ಸಹಾಯಕಿ ಅಡುಗೆಮನೆಗೆ ನಡೆದು ಸಿಂಕಿನ ಕೆಳಗೆ ಮಂಡಿಯೂರಿದಳು. ಬೀಗಿತ್ತಿ ಟಾರ್ಚ್ ಹಿಡಿದು ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತರು. "ಇವು ಸಣ್ಣ ಜಾತಿಯವು. ಗಾಬರಿ ಬೇಡ. ಪೈಪು ಗೋಡೆ ಒಳಗೆ ಹೋಗೋ ಕಡೆ ಸಂದಿ ಇದೆ ನೋಡಿ, ಅದನ್ನ ಸಿಮೆಂಟಲ್ಲಿ ಮುಚ್ಚಿಸಿ. ರಾತ್ರಿ ಸಿಂಕು ಒಣಗಿರ್ಲಿ." ಅಷ್ಟರಲ್ಲಿ ಒಂದು ಜಿರಳೆ ಬೀಗಿತ್ತಿಯ ಪಾದದ ಮೇಲೆ ಹಾದು ಹೋಯಿತು. ಅವರು ಕಿರುಚಿ ಟಾರ್ಚ್ ಎಸೆದು ಸಹಾಯಕಿಯ ಕುತ್ತಿಗೆ ತಬ್ಬಿಕೊಂಡರು. ಇಬ್ಬರೂ ಉರುಳಿಬಿದ್ದು, ಬಿದ್ದಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕರು. ಡಂಗುರ ಬಾಗಿಲಿಗೆ ಒರಗಿ ಅಳುತ್ತಲೇ ನಕ್ಕಳು.

ಹೊರಡುವಾಗ ಬೀಗಿತ್ತಿಯೇ ಅಂದರು, "ಪೇಪರಿಗೆ ಹಾಕ್ಸಿ. ನಮ್ಮ ಬೀಗಿತ್ತಿ ಅಂತ ನಾಲ್ಕು ಜನಕ್ಕೆ ತೋರಿಸ್ತೀನಿ. ಆದ್ರೆ ನನ್ನ ಸಿಂಕು..."

"ನನ್ನ ಮಕ್ಕಳಾಣೆ," ಎಂದಳು ಡಂಗುರ.

ಸಂಪಾದಕರು ಒಂಬತ್ತನೇ ಸಲಕ್ಕೆ ಫೋನ್ ಎತ್ತಿದರು. ಬಯ್ದರು, ಆಮೇಲೆ ಮೊಲದ ಸುಳ್ಳಿನಿಂದ ಬೀಗರ ಒಪ್ಪಿಗೆಯವರೆಗೆ ಕೇಳಿಸಿಕೊಂಡರು. ಕೊನೆಗೆ ಕೇಳಬೇಕಾದ್ದನ್ನೇ ಕೇಳಿದರು. "ಬೀಗರಿಗೆ ಹೇಳಿದಾಗ ಏನಾಯ್ತು? ಕಥೆಯ ಜೀವ ಇರೋದೇ ಅಲ್ಲಿ!"

ಹದಿನಾಲ್ಕು ವರ್ಷದಲ್ಲಿ ಇಂಥ ಕಥೆ ಅವಳ ಕೈಗೆ ಸಿಕ್ಕಿರಲಿಲ್ಲ. ಬಾಯಿ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು.

"ಸಂತೋಷಪಟ್ರು," ಎಂದಳು.

ಭಾನುವಾರ ಅರ್ಧ ಪುಟ ಬಂತು. ಸೋಮವಾರ ಪ್ರಾಣಿಶಾಸ್ತ್ರದ ಪ್ರವೇಶ ಯಾವಾಗ ಎಂದು ಕೇಳಿ ಇಪ್ಪತ್ತಮೂರು ಫೋನ್ ಬಂದವು. ಕುಲಸಚಿವರು ಪತ್ರಿಕೆಯನ್ನು ಮೇಜಿನ ಮೇಲೆ ಹರಡಿಕೊಂಡು ಅವಳಿಗೆ ಕೂರಲು ಹೇಳಿದರು.

"ಚೆನ್ನಾಗಿದೆ ಮೇಡಂ. ನಿಮ್ಮ ಕುರ್ಚಿಗೇನೂ ಭಯ ಇಲ್ಲ. ಆದ್ರೆ ಕೊನೇಲಿ, ಬೀಗರ ಮನೆಯವರೂ ಸಂತೋಷಪಟ್ಟರು ಅಂತ ಒಂದು ಸಾಲಲ್ಲಿ ಮುಗಿಸಿಬಿಟ್ಟಿದಾರಲ್ಲ. ಸ್ವಲ್ಪ ಸಪ್ಪೆ ಆಯ್ತು, ಅಲ್ವಾ?"

"ಹೌದು ಸರ್," ಎಂದಳು ಅವಳು, ತುಟಿ ಕಚ್ಚಿ ಹಿಡಿದುಕೊಂಡು. "ತುಂಬಾನೇ ಸಪ್ಪೆ."